ರಾತ್ರಿ ಹನ್ನೊಂದರ ಹಸಿವು: ಓದುಗರ ಪ್ರಶ್ನೆ, ನಮ್ಮ ಉತ್ತರ

ತೂಕ ಇಳಿಸಬೇಕು, ಮೈ ಗಟ್ಟಿಯಾಗಿರಬೇಕು ಎಂದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಹಗಲಲ್ಲಿ ಅಲ್ಲ. ಬೆಳಗ್ಗೆ ಸಂಜೆ ಬಿಗಿಯಾಗಿದ್ದ ಬಾಯಿ, ಮನೆಯವರೆಲ್ಲ ಮಲಗಿದ ಮೇಲೆ ಸಡಿಲಾಗುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಈ ಬಗ್ಗೆ ಕೇಳಿದ ಆರು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ವಯಸ್ಸು 22, ತೂಕ 68 ಕೆ.ಜಿ. ತುಮಕೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಬೆಳಗ್ಗೆ 6ಕ್ಕೆ ಜಿಮ್. ಹೊಟ್ಟೆ ಕರಗಿಸಲು ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟು, 7 ಗಂಟೆಗೆ ಒಂದು ಸೇಬು ಮಾತ್ರ ತಿನ್ನುತ್ತೇನೆ. 11 ಗಂಟೆಗೆ ತಡೆಯಲಾಗದ ಹಸಿವು. ಮಿಕ್ಸ್ಚರ್, ಬಿಸ್ಕತ್ತು ಏನಿದ್ದರೂ ಖಾಲಿ. ತೂಕ ಒಂದು ಕೆ.ಜಿ.ಯೂ ಇಳಿದಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮನಸ್ಸಿನ ತಪ್ಪಲ್ಲ ಇದು, ಲೆಕ್ಕದ ತಪ್ಪು. ಸೇಬು 80 ಕ್ಯಾಲೊರಿ. ಮಿಕ್ಸ್ಚರ್ 100 ಗ್ರಾಂ ಎಂದರೆ 500ಕ್ಕೂ ಮೇಲೆ, ಏಕೆಂದರೆ ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆಯೇ. 60 ಗ್ರಾಂ ಬಿಸ್ಕತ್ತು ಸುಮಾರು 270. ಒಟ್ಟು 850. ಈಗ ನೀವು ಬಿಟ್ಟ ಊಟವನ್ನು ಲೆಕ್ಕ ಹಾಕಿ. 90 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ 290, ಒಂದು ಬಟ್ಟಲು ಕಾಳಿನ ಪಲ್ಯ ಒಗ್ಗರಣೆ ಎಣ್ಣೆ ಸೇರಿ 210, ಸಾರು 40, ಒಂದು ಲೋಟ ಮಜ್ಜಿಗೆ 60. ಒಟ್ಟು 600. ಊಟ ಬಿಟ್ಟು ದಿನಕ್ಕೆ 250 ಕ್ಯಾಲೊರಿ ಹೆಚ್ಚಿಗೆ ತಿಂದಿದ್ದೀರಿ.

ನಾಳೆಯಿಂದ ರಾತ್ರಿ 8 ಅಥವಾ 8.30ಕ್ಕೆ ಊಟ ಮಾಡಿ. ಆದರೆ ಊಟ ಮಾಡುವ ರೀತಿಯಲ್ಲಿ ಒಂದು ಬದಲಾವಣೆ ಬೇಕು. ನಮ್ಮ ಕಡೆ ಬಸ್ಸಾರು ಮಾಡುವಾಗ ಏನಾಗುತ್ತದೆ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದು, ಆ ಕಟ್ಟಿನಿಂದ ಸಾರು, ಬಸಿದ ಕಾಳುಸೊಪ್ಪಿನಿಂದ ಪಲ್ಯ. ಪ್ರೋಟೀನು, ನಾರು ಹೆಚ್ಚಿನ ಪಾಲು ಉಳಿಯುವುದು ಪಲ್ಯದಲ್ಲಿ. ತಟ್ಟೆಯಲ್ಲಿ ಮಾತ್ರ ಸಾರಿನ ಹೊಳೆ, ಮೂಲೆಯಲ್ಲಿ ಎರಡು ಚಮಚ ಪಲ್ಯ! ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಐದು ನಿಮಿಷದಲ್ಲಿ ಊಟ ಮುಗಿಯುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಕೈತೊಳೆದು ಎದ್ದಿರುತ್ತೀರಿ. ಆದ್ದರಿಂದ ಮೊದಲು ಪಲ್ಯವನ್ನು ಬಟ್ಟಲು ತುಂಬ ಬಡಿಸಿಕೊಂಡು, ಅರ್ಧದಷ್ಟನ್ನು ಅಗಿದು ತಿಂದ ಮೇಲೆ ಮುದ್ದೆಗೆ ಕೈಹಾಕಿ. ಬಟ್ಟಲು ಎಂದರೆ 50 ಗ್ರಾಂ ಒಣಕಾಳು ಬೆಂದಷ್ಟು. ಹುರುಳಿ, ಅಲಸಂದೆ, ಹೆಸರು, ಅವರೆ ಯಾವುದಾದರೂ ಸರಿ. 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ ಪ್ರೋಟೀನ್ ಇದೆ.

ಎರಡನೆಯ ಮಾತು ಇನ್ನೂ ಮುಖ್ಯ. ರಾತ್ರಿಯ ಹಸಿವು ಬೆಳಗ್ಗೆಯೇ ಹುಟ್ಟಿರುತ್ತದೆ. ಜಿಮ್ ಮುಗಿಸಿ ಎರಡು ತಟ್ಟೆ ಇಡ್ಲಿ ಚಟ್ನಿ ತಿಂದರೆ ಪ್ರೋಟೀನ್ 10 ಗ್ರಾಂ ದಾಟುವುದು ಕಷ್ಟ. ಮಧ್ಯಾಹ್ನ ಹೋಟೆಲಿನ ಅನ್ನ, ತಿಳಿಸಾರು. ದೇಹ ತನ್ನ ಬಾಕಿಯನ್ನು ಒಂದಲ್ಲ ಒಂದು ಹೊತ್ತಿನಲ್ಲಿ ಕೇಳಿಯೇ ಕೇಳುತ್ತದೆ. ಭಾರ ಎತ್ತುವ ನಿಮಗೆ ಕೆ.ಜಿ. ತೂಕಕ್ಕೆ ಸುಮಾರು 1.4 ಗ್ರಾಂನಂತೆ ದಿನಕ್ಕೆ 95 ಗ್ರಾಂ ಪ್ರೋಟೀನ್ ಬೇಕು. ಅದನ್ನು ಹಂಚುವ ಒಂದು ದಾರಿ ಹೀಗಿದೆ. ಬೆಳಗ್ಗೆ ತಿಂಡಿಯ ಜೊತೆ ಎರಡು ಬೇಯಿಸಿದ ಮೊಟ್ಟೆ ಮತ್ತು 200 ಮಿಲಿ ಹಾಲು, ಒಟ್ಟು 26 ಗ್ರಾಂ. ಮಧ್ಯಾಹ್ನ ಮುದ್ದೆ ಅಥವಾ ಅನ್ನ, ಒಂದು ಬಟ್ಟಲು ಕಾಳು, 150 ಗ್ರಾಂ ಮೊಸರು, ಒಟ್ಟು 23. ಸಂಜೆ 5ಕ್ಕೆ 30 ಗ್ರಾಂ ಕಡಲೆಬೀಜ, 7. ರಾತ್ರಿ ಮುದ್ದೆ, 40 ಗ್ರಾಂ ಕಾಳು, ಸಾರಿಗೆ 30 ಗ್ರಾಂ ಸೋಯಾ ಚಂಕ್ಸ್, ಒಟ್ಟು 31. ಮಲಗುವ ಮುಂಚೆ 200 ಮಿಲಿ ಸಕ್ಕರೆ ಇಲ್ಲದ ಹಾಲು, 6. ಇಲ್ಲಿಗೆ 93 ಆಯಿತು. ಸೋಯಾ ಚಂಕ್ಸನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿ ಹಾಕಿ. ಹಿಂಡದಿದ್ದರೆ ಹಸಿವಾಸನೆ ಉಳಿದು, ಎರಡನೇ ದಿನಕ್ಕೆ ಅದನ್ನು ಮುಟ್ಟಲು ಮನಸ್ಸಾಗುವುದಿಲ್ಲ. ಮೊಟ್ಟೆ ತಿನ್ನದವರು 70 ಗ್ರಾಂ ಪನ್ನೀರ್ ಇಟ್ಟುಕೊಳ್ಳಬಹುದು. ಅದರ ಜೊತೆ ಕೊಬ್ಬೂ ಬರುತ್ತದೆ, ಆ ದಿನ ಒಗ್ಗರಣೆ ಎಣ್ಣೆ ಕಡಿಮೆ ಮಾಡಿ.

ಇಷ್ಟಾದ ಮೇಲೂ 11ಕ್ಕೆ ಹಸಿವಾದರೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ಈಗ ಉಪ್ಪುಸಾರು, ತಣ್ಣನೆ ಮುದ್ದೆ ಕೊಟ್ಟರೆ ತಿನ್ನುತ್ತೇನಾ? ತಿನ್ನುತ್ತೇನೆ ಎಂದಾದರೆ ಅದು ಹಸಿವು, ಮಿಕ್ಸ್ಚರೇ ಬೇಕು ಎಂದಾದರೆ ಅದು ಬಾಯಿಚಪಲ. ಹಸಿವಿಗೆ ಒಂದು ಮುಷ್ಟಿ ಹುರಿಗಡಲೆ ಸಾಕು. ಅಂದರೆ 30 ಗ್ರಾಂ, 110 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಜೊತೆಗೆ ಒಂದು ಲೋಟ ನೀರು. ಡಬ್ಬಿಯಿಂದ ನೇರ ತಿನ್ನಬೇಡಿ. ಬಟ್ಟಲಿಗೆ ಹಾಕಿಕೊಂಡು, ಡಬ್ಬಿ ಮುಚ್ಚಿಟ್ಟು ಬಂದು ಕೂತು ತಿನ್ನಿ. ಪುಸ್ತಕದ ಮುಂದೆ ಡಬ್ಬಿ ಇಟ್ಟುಕೊಂಡವರಿಗೆ ಎಷ್ಟು ಹೋಯಿತು ಎಂದು ತಿಳಿಯುವುದೇ ಇಲ್ಲ. ಚಪಲವಾದರೆ ಹಲ್ಲುಜ್ಜಿ ದೀಪ ಆರಿಸಿ. ಮಿಕ್ಸ್ಚರನ್ನು ರೂಮಿಗೆ ತರುವುದನ್ನೇ ನಿಲ್ಲಿಸಿ. ಹತ್ತಿರ ಇರುವುದನ್ನು ರಾತ್ರಿ ಬಾಯಿ ಬಿಡುವುದಿಲ್ಲ.

ಕೊನೆಗೆ ತೂಕದ ಮಾತು. ವಾರಕ್ಕೆ ಕಾಲು ಕೆ.ಜಿ.ಯಿಂದ ಅರ್ಧ ಕೆ.ಜಿ. ಇಳಿದರೆ ಸಾಕು. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಗಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ರಾತ್ರಿ ಉಪ್ಪು ಹೆಚ್ಚಾದ ಮರುದಿನ ಒಂದು ಕೆ.ಜಿ. ಏರಿ ಕಾಣಬಹುದು. ಅದು ನೀರು, ಹೆದರಿ ಊಟ ಬಿಡಬೇಡಿ.

ಪ್ರಶ್ನೆ: ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಪಾಳಿ ಇದ್ದ ವಾರವೆಲ್ಲ ಹಸಿವೋ ಹಸಿವು. 1 ಗಂಟೆಗೆ ಕ್ಯಾಂಟೀನ್ ಅನ್ನ, 4ಕ್ಕೆ ಟೀ ಬನ್ನು, ಕೋಲಾರಕ್ಕೆ ಬಂದು ದೋಸೆ ತಿಂದು ಮಲಗುತ್ತೇನೆ. ಒಂದು ವರ್ಷದಲ್ಲಿ 6 ಕೆ.ಜಿ. ಏರಿದ್ದೇನೆ. ಯಾವ ಹೊತ್ತಿಗೆ ತಿನ್ನಬೇಕು?

ಉತ್ತರ: ನಿಮ್ಮ ಹಸಿವು ಸುಳ್ಳಲ್ಲ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಸಾಕು ಎನ್ನಿಸುವ ಲೆಪ್ಟಿನ್ ಇಳಿಯುತ್ತದೆ. ಇದರ ಮೇಲೆ, ನಡುರಾತ್ರಿ ದೇಹ ಸಕ್ಕರೆಯನ್ನು ನಿಭಾಯಿಸುವುದು ಹಗಲಿನಷ್ಟು ಚೆನ್ನಾಗಿ ಅಲ್ಲ. ಅದೇ ಅನ್ನ ಮಧ್ಯಾಹ್ನಕ್ಕಿಂತ ರಾತ್ರಿ 1ಕ್ಕೆ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ, ಏರಿದ ಮೇಲೆ ತೂಕಡಿಕೆ.

ಹಾಗಾಗಿ ದೊಡ್ಡ ಊಟವನ್ನು ಬಸ್ ಹತ್ತುವ ಮುಂಚೆ, 8ರ ಹೊತ್ತಿಗೆ ಮನೆಯಲ್ಲೇ ಮುಗಿಸಿ. ಮುದ್ದೆ, ಗಟ್ಟಿ ಕಾಳುಸಾರು, ಪಲ್ಯ. 1 ಗಂಟೆಗೆ ಚಿಕ್ಕದು: ಎರಡು ಚಪಾತಿ ಒಣಪಲ್ಯ, ಅಥವಾ ಒಂದು ರಾಗಿರೊಟ್ಟಿ ಮತ್ತು ಕಡಲೆಬೀಜದ ಚಟ್ನಿಪುಡಿ. ಕ್ಯಾಂಟೀನ್ ಊಟವೇ ಆಗಬೇಕಾದರೆ ಅನ್ನ ಅರ್ಧ, ಸಾಂಬಾರಿನ ತಳದಿಂದ ಬೇಳೆ ತರಕಾರಿ ಹಾಕಿಸಿಕೊಳ್ಳಿ. 4ಕ್ಕೆ ಹುರಿಗಡಲೆ, ನೀರು. ಟೀ ಕೊನೆಯದು 1 ಗಂಟೆಗೆ. ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. 4ಕ್ಕೆ ಕುಡಿದ ಟೀ ನೀವು ಹಾಸಿಗೆಗೆ ಬರುವಾಗ ಇನ್ನೂ ಕೆಲಸ ಮಾಡುತ್ತಿರುತ್ತದೆ. ಮನೆಗೆ ಬಂದು ಎರಡು ಇಡ್ಲಿ, ಅಥವಾ ಬಾಳೆಹಣ್ಣು ಹಾಲು, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಮಲಗಿದರೆ 10ಕ್ಕೆ ಎಚ್ಚರವಾಗುತ್ತದೆ, ದೋಸೆ ತುಂಬಿಕೊಂಡು ಮಲಗಿದರೆ ಎದೆಯುರಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಏಳು ಗಂಟೆ ನಿದ್ದೆ ಮಾಡಿ, ಎದ್ದು ಪೂರ್ತಿ ಊಟ ಮಾಡಿ.

ಬುತ್ತಿಯ ಬಗ್ಗೆ ಒಂದು ಎಚ್ಚರಿಕೆ. ಬೇಯಿಸದ ಮೊಳಕೆಕಾಳು, ಕೋಸಂಬರಿ, ಬೇಯಿಸಿದ ಮೊಟ್ಟೆ, ಇವು ಆರೋಗ್ಯಕ್ಕೆ ಒಳ್ಳೆಯವೇ, ಆದರೆ ಫ್ರಿಜ್ ಇಲ್ಲದೆ ಎರಡು ಗಂಟೆ ದಾಟಿಸಬಾರದು. 8ಕ್ಕೆ ಕಟ್ಟಿದ್ದು 1 ಗಂಟೆಗೆ, ಅದೂ ಬೇಸಿಗೆಯಲ್ಲಿ, ಹೊಟ್ಟೆ ಕೆಡಿಸುತ್ತದೆ. ಒಣಗಿದ್ದನ್ನೇ ಕಟ್ಟಿಕೊಳ್ಳಿ.

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನನಗೆ 41 ವರ್ಷ. ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ರಾತ್ರಿ 11ರವರೆಗೂ ಸೊಪ್ಪು ಹಾಕುವ ಕೆಲಸ. ಊಟ 7ಕ್ಕೇ ಆಗಿರುತ್ತದೆ. ಸೊಪ್ಪು ಹಾಕಿ ಬಂದರೆ ಕೈಕಾಲು ನಡುಗುವಷ್ಟು ಹಸಿವು, ಟೀ ಬಿಸ್ಕತ್ತು ತಿಂದು ಮಲಗುತ್ತೇನೆ. ಸಣ್ಣಗಾಗಬೇಕೆಂದರೆ ಇದನ್ನು ನಿಲ್ಲಿಸಬೇಕೇ?

ಉತ್ತರ: ದೊಡ್ಡಹುಳು ಇರುವ ಆ ಏಳೆಂಟು ದಿನ ತೂಕ ಇಳಿಸುವ ಯೋಚನೆಯನ್ನೇ ಬಿಡಿ. ಸೊಪ್ಪು ಕುಯ್ದು, ಹೊತ್ತು, ಹಾಸುವ ಕೆಲಸ ಯಾವ ವ್ಯಾಯಾಮಕ್ಕೂ ಕಡಿಮೆ ಇಲ್ಲ, ನಿದ್ದೆಯೂ ಅರ್ಧ. ಆಗ ಹೊಟ್ಟೆ ಕಟ್ಟಿದರೆ ಹುಳು ಹಣ್ಣಾಗಿ (ಗೂಡು ಕಟ್ಟಲು ಸಿದ್ಧವಾಗಿ) ಕೆಲಸ ಮುಗಿದ ಮೇಲೆ ಸಿಕ್ಕಿದ್ದೆಲ್ಲ ತಿನ್ನುವಂತಾಗುತ್ತದೆ. ಆ ವಾರ ತೂಕ ಏರದಿದ್ದರೆ ಸಾಕು. ಇಳಿಸುವುದನ್ನು ಬೆಳೆ ಮುಗಿದ ಬಿಡುವಿನಲ್ಲಿ ಮಾಡಿ.

7ರ ಊಟವನ್ನು ಎರಡು ಪಾಲು ಮಾಡಿ. 7ಕ್ಕೆ ಮುಕ್ಕಾಲು ಊಟ, 11ಕ್ಕೆ ಉಳಿದ ಕಾಲು: ಗಟ್ಟಿ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಒಂದು ದೊಡ್ಡ ಲೋಟ, ಮೇಲೆ ಹತ್ತಿಪ್ಪತ್ತು ಬೇಯಿಸಿದ ಕಡಲೆಕಾಯಿ. ಅಂಬಲಿಗೆ ಎರಡು ಚಮಚ ಹಿಟ್ಟು ಸಾಕು, ಬೆಲ್ಲ ಬೇಡ. ಟೀಯಲ್ಲಿ ಮುಳುಗಿರುವ ಸಕ್ಕರೆಯನ್ನು ಎಣಿಸಿ ನೋಡಿ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಟೀ ಎಂದರೆ 40 ಗ್ರಾಂ, 160 ಕ್ಯಾಲೊರಿ. ಒಮ್ಮೆಗೇ ನಿಲ್ಲಿಸಿದರೆ ಟೀ ರುಚಿಸದು, ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಹುಳುಮನೆಯಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಮುಟ್ಟಿರುತ್ತೀರಿ. ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡೇ ತಿನ್ನಿ. ಊಟವಾದ ಮೇಲೂ ಪದೇಪದೇ ನಡುಕ ಬರುತ್ತಿದ್ದರೆ ಒಮ್ಮೆ ರಕ್ತದ ಸಕ್ಕರೆ, ಹಿಮೋಗ್ಲೋಬಿನ್ ಎರಡನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ಗೌರಿಬಿದನೂರಿನಲ್ಲಿದ್ದಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ತೂಕ ಇಳಿಸಲೆಂದು ರಾತ್ರಿ ಊಟ ಕಡಿಮೆ ಮಾಡಿದ್ದಾರೆ. ಎರಡು ಗಂಟೆಗೆ ಬೆವೆತು ಎದ್ದು, ಹಸಿವು ಎಂದು ಅನ್ನ ತಿನ್ನುತ್ತಾರೆ. ಬೆಳಗ್ಗೆ ನೋಡಿದರೆ ಸಕ್ಕರೆ ಏರಿರುತ್ತದೆ.

ಉತ್ತರ: ಇದನ್ನು ಬರೀ ಹಸಿವು ಎಂದುಕೊಳ್ಳಬೇಡಿ. ಬೆವರು, ನಡುಕ, ಎದೆಬಡಿತ, ಇದ್ದಕ್ಕಿದ್ದಂತೆ ಹಸಿವು ಒಟ್ಟಿಗೆ ಬಂದರೆ ಸಕ್ಕರೆ ಕುಸಿದಿರಬಹುದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಊಟ ಕಡಿಮೆ ಮಾಡಿದರೆ ಹೀಗಾಗುತ್ತದೆ. ಮಾತ್ರೆ ಅಷ್ಟೇ ಇದೆ, ಅದಕ್ಕೆ ತಕ್ಕ ಊಟ ಇಲ್ಲ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಇದು ಅಪರೂಪ. ಮಾತ್ರೆಯ ಪಟ್ಟಿಯ ಮೇಲೆ ಹೆಸರು ಓದಿ ನೋಡಿ.

ಇಂದು ರಾತ್ರಿಯೇ ಗ್ಲುಕೋಮೀಟರ್ ಹಾಸಿಗೆಯ ಬಳಿ ಇರಲಿ. ಎದ್ದ ತಕ್ಷಣ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಎರಡು ತುತ್ತು ಅನ್ನ ಅಥವಾ ಒಂದು ಲೋಟ ಹಾಲು. ಮೊದಲೇ ಅನ್ನ, ಬಿಸ್ಕತ್ತು, ಚಾಕೊಲೇಟ್ ಕೊಟ್ಟರೆ ಸಕ್ಕರೆ ಏರುವುದು ನಿಧಾನ. ತಳಮಳದಲ್ಲಿ ತಟ್ಟೆ ತುಂಬ ತಿನ್ನುತ್ತಾರೆ, ಬೆಳಗ್ಗೆ ಅದೇ 200 ದಾಟಿ ಕಾಣುತ್ತದೆ. ಅವರ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಕ್ಕರೆ ಬೇಗ ರಕ್ತಕ್ಕೆ ಸೇರದು, ಗ್ಲೂಕೋಸ್ ಪುಡಿಯೇ ಆಗಬೇಕು. ಮಂಕಾಗಿ ನುಂಗಲಾಗದ ಸ್ಥಿತಿಯಲ್ಲಿದ್ದರೆ ಬಾಯಿಗೆ ಏನೂ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಪರೀಕ್ಷೆಯಲ್ಲಿ 250, 300 ಬಂದರೆ ಅದು ಬೇರೆಯೇ ವಿಷಯ. ಸಕ್ಕರೆ ರಕ್ತದಲ್ಲಿದ್ದರೂ ಜೀವಕೋಶಕ್ಕೆ ಸೇರದಿದ್ದಾಗಲೂ ಹಸಿವಾಗುತ್ತದೆ, ಜೊತೆಗೆ ಬಾಯಾರಿಕೆ, ಪದೇಪದೇ ಮೂತ್ರ. ಎರಡರಲ್ಲಿ ಯಾವುದಾದರೂ ಮೂರು ರಾತ್ರಿಯ ಅಂಕಿ ಬರೆದುಕೊಂಡು ವೈದ್ಯರಿಗೆ ತೋರಿಸಿ. 70ಕ್ಕಿಂತ ಕೆಳಗೆ ಒಮ್ಮೆ ಬಂದರೂ ಮೂರು ರಾತ್ರಿ ಕಾಯುವುದು ಬೇಡ, ಮರುದಿನವೇ ಹೋಗಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ರಾತ್ರಿ ಊಟವನ್ನು ಹಿಂದಿನಂತೆಯೇ ಕೊಡಿ.

ಪ್ರಶ್ನೆ: ನನ್ನ ಮಗಳಿಗೆ 16. ತಿಪಟೂರಿನಲ್ಲಿ ಪಿಯುಸಿ. ದಪ್ಪಗಿದ್ದೇನೆ ಎಂದು ರಾತ್ರಿ ಊಟ ಬೇಡ ಅನ್ನುತ್ತಾಳೆ, ಅರ್ಧರಾತ್ರಿ ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಾಳೆ. ಬೈದರೆ ಅಳುತ್ತಾಳೆ. ತಿಂಡಿ ಡಬ್ಬಗಳಿಗೆ ಬೀಗ ಹಾಕಲೇ?

ಉತ್ತರ: ಬೀಗ ಬೇಡಮ್ಮ. ಬೀಗ ಹಾಕಿದರೆ ಹಸಿವು ಹೋಗುವುದಿಲ್ಲ, ನಾಚಿಕೆ ಸೇರಿಕೊಳ್ಳುತ್ತದೆ. ರಾತ್ರಿ ಬಿಟ್ಟ ಊಟವನ್ನು ದೇಹ ಅರ್ಧರಾತ್ರಿ ವಸೂಲಿ ಮಾಡುತ್ತಿದೆ, ಅವಳ ತಪ್ಪೇನೂ ಇಲ್ಲ. ಬೆಳೆಯುವ ವಯಸ್ಸಿಗೆ ಊಟ ಬಿಡುವ ಪಥ್ಯ ಸಲ್ಲದು. ತೂಕ, ಸೊಂಟ, ಅಕ್ಕಪಕ್ಕದ ಹುಡುಗಿಯರ ಹೋಲಿಕೆ ಇವುಗಳ ಮಾತನ್ನು ಮನೆಯಲ್ಲಿ ಎಲ್ಲರೂ, ಮುಖ್ಯವಾಗಿ ನೆಂಟರು, ನಿಲ್ಲಿಸಲಿ. ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಒಂದೇ ಅಡುಗೆ ಉಣ್ಣಿ. ಅವಳ ತಟ್ಟೆಗೆ ಅವಳೇ ಬಡಿಸಿಕೊಳ್ಳಲಿ. ಓದುತ್ತಾ ಹತ್ತೂವರೆಗೆ ಹಸಿವಾದರೆ ತಿನ್ನಲು ಎಂದು ಅವಳ ಎದುರಿಗೇ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಅಥವಾ ಕಡಲೆಬೀಜ ಇಡಿ. ಕೇಳಿ ತಿನ್ನುವಂತಿದ್ದರೆ ಕದಿಯುವ ಅಗತ್ಯ ಬೀಳದು.

ಮೂರು ತಿಂಗಳಿಂದ ಮುಟ್ಟು ನಿಂತಿದ್ದರೆ, ತಿಂದ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದರೆ, ತಲೆಸುತ್ತಿ ಬೀಳುತ್ತಿದ್ದರೆ, ಬೇಗ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ ಮಾತಾಡಬಹುದು. ಮಗಳೂ ಮಾತಾಡಬಹುದು, ನೀವೂ ಮಾತಾಡಬಹುದು.

ಪ್ರಶ್ನೆ: ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ಮನೆ ತುಂಬ ಹಣ್ಣು. ರಾತ್ರಿ ಊಟದ ಬದಲು ಎರಡು ಮಾವಿನಹಣ್ಣು ತಿಂದು ಮಲಗಿದರೆ ಹಗುರ ಎನ್ನುತ್ತಾರೆ. ಆದರೆ ನನಗೆ ನಡುರಾತ್ರಿ ಹಸಿವಾಗುತ್ತದೆ. 9ರ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎನ್ನುವುದು ನಿಜವೇ?

ಉತ್ತರ: ಎರಡು ಹಣ್ಣಿನ ತಿರುಳು 400 ಗ್ರಾಂ ಇದ್ದರೆ 50 ಗ್ರಾಂಗೂ ಹೆಚ್ಚು ಸಕ್ಕರೆ, ಪ್ರೋಟೀನ್ ಎರಡು ಮೂರು ಗ್ರಾಂ ಅಷ್ಟೇ. ಎರಡು ಮೂರು ಗಂಟೆಯಲ್ಲಿ ಹಸಿವಾಗದೆ ಇನ್ನೇನಾದೀತು? 9 ಗಂಟೆಗೆ ಮಂತ್ರವೇನೂ ಇಲ್ಲ, ಇಡೀ ದಿನ ತಿಂದದ್ದು ಮತ್ತು ಕರಗಿಸಿದ್ದು ಇವೆರಡರ ಲೆಕ್ಕವೇ ಮುಖ್ಯ. ತಡವಾಗಿ ತಿನ್ನುವುದರ ತೊಂದರೆ ಬೇರೆ. ಆ ಹೊತ್ತಿನಲ್ಲಿ ಕೈಗೆ ಸಿಗುವುದು ಕರಿದದ್ದು, ಸಿಹಿ. ಮಲಗಲು ಎರಡು ಮೂರು ಗಂಟೆ ಅಂತರ ಇಲ್ಲದಿದ್ದರೆ ಹುಳಿತೇಗು.

ಹೀಗೆ ಮಾಡಿ. 40 ಗ್ರಾಂ ಹೆಸರುಬೇಳೆಯನ್ನು ಮುಕ್ಕಾಲು ಗಂಟೆ ನೆನೆಸಿ ನೀರು ಪೂರ್ತಿ ಬಸಿಯಿರಿ. ಅದಕ್ಕೆ ಒಂದು ಸೌತೆಕಾಯಿ, ಅರ್ಧ ಮಾವಿನಕಾಯಿ ತುರಿ, ಕೊತ್ತಂಬರಿ. ಒಗ್ಗರಣೆಗೆ ಅರ್ಧ ಚಹಾ ಚಮಚ ಎಣ್ಣೆ, ತೆಂಗಿನತುರಿ ಒಂದು ಚಮಚ ಮೀರದಿರಲಿ. ಉಪ್ಪನ್ನು ತಿನ್ನುವಾಗ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಪ್ಪೆಯಾಗುತ್ತದೆ. ಅದರ ಜೊತೆ ಒಂದು ಚಿಕ್ಕ ಮುದ್ದೆ ಅಥವಾ ಒಂದು ಬಟ್ಟಲು ಮೊಸರನ್ನ. ಕೊನೆಗೆ ಒಂದೇ ಒಂದು ಮಾವಿನಹಣ್ಣು, ರಸ ಮಾಡದೆ, ಹೋಳು ಮಾಡಿ ನಿಧಾನಕ್ಕೆ ತಿನ್ನಿ.